ಮೊದಲು ಏನನ್ನು ಬೇಡಬೇಕು?

ಸರಕಾರದ ಮುಂದೆ ನಿಂತು ಬೇಡುವುದೂ ಒಂದು ವಿದ್ಯೆ. ಬೇಡಬೇಕಾದುದು ಹತ್ತಿದ್ದು, ಕೇಳುವ ಕಿವಿ ಒಂದು ಗಳಿಗೆ ಮಾತ್ರ ತೆರೆದಿರುವಾಗ ಯಾವುದನ್ನು ಮೊದಲು ನುಡಿಯಬೇಕು? ಇದು ಜಾಣ್ಮೆಯ ಪ್ರಶ್ನೆಯೆಂದು ಎಲ್ಲರೂ ಬಲ್ಲರು. ಧರ್ಮದ ಪ್ರಶ್ನೆಯೂ ಹೌದೆಂಬುದು ಅನೇಕರಿಗೆ ಹೊಳೆಯುವುದಿಲ್ಲ. ಅದರಲ್ಲೂ ಬೇಡುವವನು ಒಂದು ಕಸಬಿನಲ್ಲಿ ನುರಿತವನಾಗಿದ್ದರೆ ತೊಡಕು ಹೆಚ್ಚು. ತಾನು ಕೇಳುತ್ತಿರುವುದು ಊರಿಗಾಗಿಯೋ ಕಸಬಿಗಾಗಿಯೋ ಎಂದು ಬಿಡಿಸಿ ಹೇಳುವುದು ಅವನಿಗೇ ಕಷ್ಟ.

ಉದ್ಯಾನ, ಕೆರೆಯ ದಂಡೆ, ಬೀದಿಯ ಸಾಲುಮರ, ಊರ ನಡುವಣ ಬಯಲು, ಇವುಗಳ ವಿನ್ಯಾಸವನ್ನೇ ಕಸಬು ಮಾಡಿಕೊಂಡವರಿದ್ದಾರೆ. ಕನ್ನಡದಲ್ಲಿ ಇವರಿಗೆ ಒಪ್ಪುವ ಹೆಸರು ಇನ್ನೂ ಹುಟ್ಟಿಲ್ಲ. ‘ತೋಟಗಾರ’ ಎಂದರೆ ಕೆಲಸ ಕಿರಿದಾಗುತ್ತದೆ. ‘ಭೂದೃಶ್ಯ ವಾಸ್ತುಶಿಲ್ಪಿ’ ಎಂದರೆ ಬಾಯಿ ತುಂಬುತ್ತದೆಯೇ ಹೊರತು ಮನಸ್ಸು ತುಂಬುವುದಿಲ್ಲ. ಸದ್ಯಕ್ಕೆ ಭೂಶಿಲ್ಪಿ ಎನ್ನೋಣ. ಅಮೆರಿಕದಲ್ಲಿ ಇವರು 1899ರಲ್ಲಿಯೇ ಸಂಘ ಕಟ್ಟಿಕೊಂಡರು. ಆ ಸಂಘ ಇಂದಿಗೂ ಶಾಸಕರ ಬಳಿಗೆ ಅಹವಾಲು ಒಯ್ಯುತ್ತದೆ. ಅದರಲ್ಲಿ ನೀರು, ಸಾರಿಗೆ, ಹವಾಮಾನ, ಸಾರ್ವಜನಿಕ ಉದ್ಯಾನಗಳ ಮಾತಿರುತ್ತದೆ. ನಮ್ಮ ವೃತ್ತಿಯ ಲೈಸೆನ್ಸಿನ ಕಟ್ಟಳೆಯನ್ನು ಸಡಿಲಿಸಬೇಡಿರೆಂಬ ಮಾತೂ ಇರುತ್ತದೆ. ಅರೆಬೆಂದ ವಿದ್ಯೆಯವನು ಕಟ್ಟಿಸಿದ ತಡೆಗೋಡೆ ಕುಸಿದರೆ ಸಾಯುವವರು ದಾರಿಹೋಕರು. ಆದ್ದರಿಂದ ಲೈಸೆನ್ಸಿನ ಬೇಡಿಕೆಯನ್ನು ಬರಿಯ ಸ್ವಾರ್ಥವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಆದರೂ ಪಟ್ಟಿಯಲ್ಲಿ ಅದು ಎಷ್ಟನೆಯದೆಂದು ನೋಡಿದರೆ ಬೇಡುವವರ ಮನಸ್ಸು ಒಂದಿಷ್ಟು ತಿಳಿದೀತು.

ಈ ಕಸಬಿಗೆ ಹಿರಿಯನೆನಿಸಿದವನು ಫ್ರೆಡರಿಕ್ ಲಾ ಓಮ್‌ಸ್ಟೆಡ್, ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕನ್ನು ರೂಪಿಸಿದ ಇಬ್ಬರಲ್ಲಿ ಒಬ್ಬ. 1864ರಲ್ಲಿ ಲಿಂಕನ್ನನ ಸಹಿಯಿಂದ ಯೊಸೆಮಿಟಿ ಕಣಿವೆಯೂ ಮಾರಿಪೋಸದ ದೈತ್ಯವೃಕ್ಷಗಳ ತೋಪೂ ಕ್ಯಾಲಿಫೋರ್ನಿಯಾ ರಾಜ್ಯದ ವಶವಾದುವು. ಅವುಗಳನ್ನು ನೋಡಿಕೊಳ್ಳುವ ಮಂಡಲಿಗೆ ಓಮ್‌ಸ್ಟೆಡ್ ಮುಖ್ಯಸ್ಥನಾದ. 1865ರ ಆಗಸ್ಟಿನಲ್ಲಿ, ಆ ಕಣಿವೆಯಲ್ಲಿಯೇ, ಜೊತೆಯ ಸದಸ್ಯರಿಗೆ ತನ್ನ ವರದಿಯನ್ನು ಓದಿ ಹೇಳಿದ.

ಅದರ ವಾದ ಸರಳ. ಚೆಲುವಾದ ನೆಲವನ್ನು ಸಿರಿವಂತರು ಎಲ್ಲ ದೇಶಗಳಲ್ಲಿಯೂ ತಮಗಾಗಿ ಬೇಲಿ ಹಾಕಿಕೊಂಡಿದ್ದಾರೆ. ದುಡಿದು ದಣಿದವನ ಮನಸ್ಸಿಗೂ ಅದೇ ವಿಶ್ರಾಂತಿ ಬೇಕು. ಅದನ್ನು ಅವನಿಗೆ ದೊರಕಿಸುವುದು ಸರಕಾರದ ಕರ್ತವ್ಯ. ನಿಸರ್ಗವನ್ನು ಇದ್ದಂತೆಯೇ ಉಳಿಸುವುದು ಮೊದಲ ಕೆಲಸವೆಂದು ಆತ ಬರೆದ. ಆದರೆ ಹಣದ ಲೆಕ್ಕಕ್ಕೆ ಬಂದಾಗ ನಾವು ಬೆರಗಾಗುತ್ತೇವೆ. ಆತ ಕೇಳಿದ್ದು 37,000 ಡಾಲರು. ಅದರಲ್ಲಿ 25,000 ರಸ್ತೆಗೆ! ಕಾಡನ್ನು ಕಾಯಬೇಕೆಂದವನು ಮೊದಲು ರಸ್ತೆ ಕೇಳುವುದೇ?

ಕಾರಣವನ್ನೂ ಆತ ಕೊಟ್ಟಿದ್ದಾನೆ. ದಾರಿಯಿಲ್ಲದಿದ್ದರೆ ಅಲ್ಲಿಗೆ ಹೋಗುವ ಖರ್ಚು, ಕಾಲ, ಆಯಾಸಗಳನ್ನು ತಡೆದುಕೊಳ್ಳಬಲ್ಲವರು ಉಳ್ಳವರಷ್ಟೇ. ಅಷ್ಟೇ ಅಲ್ಲ, ಬಂದವರಿಗೆ ಬೇಕಾದ ಮರಮುಟ್ಟು ಮೊದಲಾದುವು ಹೊರಗಿನಿಂದ ಬಾರದಿದ್ದರೆ ಕಣಿವೆಯ ಮರಗಳಿಗೇ ಕೊಡಲಿ ಬೀಳುತ್ತದೆ, ಹುಲ್ಲುಗಾವಲಿಗೆ ನೇಗಿಲು ಬೀಳುತ್ತದೆ. ಅಂದಿಗೆ ನೂರರ ಲೆಕ್ಕದಲ್ಲಿದ್ದ ಪ್ರವಾಸಿಗಳು ನೂರು ವರ್ಷದಲ್ಲಿ ಲಕ್ಷಗಳನ್ನು ಮೀರುವರೆಂದೂ, ಇಂದಿನ ಅನುಕೂಲಕ್ಕಾಗಿ ಅವರ ಹಕ್ಕನ್ನು ಕೆಡಿಸಬಾರದೆಂದೂ ಎಚ್ಚರಿಸಿದ. ಇನ್ನೂ ಹುಟ್ಟದವರು ಅರ್ಜಿ ಬರೆಯಲಾರರು. ಬಡವನಿಗೆ ಬರೆಯಲು ಬಿಡುವಿಲ್ಲ. ತಾನು ಕೇಳದಿದ್ದರೆ ಯಾರೂ ಕೇಳಲಾರದುದನ್ನು ಓಮ್‌ಸ್ಟೆಡ್ ಮೊದಲಿಗೆ ಇಟ್ಟ. ನನಗೆ ಈ ಕ್ರಮವೇ ಸರಿಯೆನಿಸುತ್ತದೆ. ಲೈಸೆನ್ಸಿಗಾಗಿ ಕೇಳಲು ಲೈಸೆನ್ಸು ಪಡೆದವರು ಸದಾ ಸಿದ್ಧರಾಗಿಯೇ ಇರುತ್ತಾರಷ್ಟೆ.

ಆದರೆ ಆ ವರದಿ ಶಾಸನಸಭೆಯನ್ನು ಮುಟ್ಟಲಿಲ್ಲ. ಮಂಡಲಿಯ ಕೆಲವರೇ ಅದನ್ನು ತಡೆದರು. ಭೂಗರ್ಭ ಸರ್ವೇಕ್ಷಣೆಗೆ ಬರಬೇಕಾದ ಹಣ ಇತ್ತ ಹರಿದೀತೆಂಬ ಅಳುಕೇ ಕಾರಣವೆಂದು ಇತಿಹಾಸಕಾರರ ಊಹೆ. ಸರ್ವೇಕ್ಷಣೆಯೂ ಒಳ್ಳೆಯ ಕೆಲಸವೇ. ಒಳ್ಳೆಯದಕ್ಕೆ ಇನ್ನೊಂದು ಒಳ್ಳೆಯದೇ ಅಡ್ಡಬರುವ ಇಂಥ ಇಕ್ಕಟ್ಟು ಸಾರ್ವಜನಿಕ ಜೀವನದಲ್ಲಿ ಅಪರೂಪವೇನಲ್ಲ. ವರದಿ ಅಚ್ಚಾದುದು 1952ರಲ್ಲಿ.

ಓಮ್‌ಸ್ಟೆಡ್ಡನ ಪಟ್ಟಿಯಲ್ಲಿ ಒಂದು ದೊಡ್ಡ ಲೋಪವಿದೆ. ಅದು ಅಚಾತುರ್ಯವಲ್ಲ, ಕಾಣದಿದ್ದ ಕಣ್ಣಿನ ದೋಷ. ಆ ಕಣಿವೆ ಆಹ್ವಾನೀಚಿ ಜನರ ಮನೆ. 1851ರಲ್ಲಿ ಸೈನಿಕರ ದಂಡೊಂದು ಅವರನ್ನು ಅಲ್ಲಿಂದ ಹೊರಗಟ್ಟಿತ್ತು. ವರದಿಯಲ್ಲಿ ಮೂಲನಿವಾಸಿಗಳು ಕಾಡಿಗೆ ಬೆಂಕಿಯಿಟ್ಟವರಾಗಿ ಮಾತ್ರ ಬರುತ್ತಾರೆ. ಅವರು ಹಚ್ಚುತ್ತಿದ್ದ ಸಣ್ಣ ಬೆಂಕಿಯಿಂದಲೇ ಕಣಿವೆಯ ಹುಲ್ಲುಗಾವಲುಗಳು ಮುಚ್ಚಿಹೋಗದೆ ತೆರೆದಿದ್ದುವೆಂದೂ, ಆ ದೈತ್ಯವೃಕ್ಷದ ಬೀಜ ಮೊಳೆಯಲು ಬೆಂಕಿ ಸಹಾಯಕವೆಂದೂ ಇಂದಿನ ವಿಜ್ಞಾನ ಹೇಳುತ್ತದೆ. ಮುಂದೆ ಹುಟ್ಟುವವರ ಪರವಾಗಿ ಅಷ್ಟು ಚೆನ್ನಾಗಿ ಮಾತನಾಡಿದವನು, ಕಣ್ಣೆದುರು ಇದ್ದವರನ್ನು ಒಂದು ಮಾತು ಕೇಳಲಿಲ್ಲ. ಬಲ್ಲವನು ಪಟ್ಟಿ ಬರೆಯುವ ಮುನ್ನ ಆ ನೆಲದಲ್ಲಿ ಬಾಳಿದವರ ಬಳಿ ಕೂತಿರಬೇಕೆಂದು ನಾನು ಹೇಳುವುದು ಸೌಜನ್ಯಕ್ಕಾಗಿಯಲ್ಲ. ಕೂರದಿದ್ದರೆ ಅವನ ವಿದ್ಯೆಯೇ ಕುಂಟುತ್ತದೆ.

ಈಗ ಯೊಸೆಮಿಟಿಗೆ ವರ್ಷಕ್ಕೆ ಸುಮಾರು ನಲವತ್ತು ಲಕ್ಷ ಜನ ಬರುತ್ತಾರೆ. ಬೇಸಗೆಯಲ್ಲಿ ಆ ರಸ್ತೆಗಳಲ್ಲಿ ಕಾರುಗಳು ಸಾಲುಗಟ್ಟಿ ನಿಲ್ಲುತ್ತವೆ. 1970ರಿಂದ ಕಣಿವೆಯೊಳಗೆ ಉಚಿತ ಬಸ್ಸು ಓಡುತ್ತಿದೆ. ಓಮ್‌ಸ್ಟೆಡ್ ಇಂದು ಅದೇ ನೆಲಕ್ಕಾಗಿ ಬೇಡಲು ಹೊರಟಿದ್ದರೆ, ಬಡವನೂ ನೋಡಬೇಕು, ಮರವೂ ಉಳಿಯಬೇಕು ಎಂಬ ಅದೇ ಕಾರಣದಿಂದ, ರಸ್ತೆಯನ್ನು ಪಟ್ಟಿಯಿಂದ ತೆಗೆದು, ದೂರದ ಊರುಗಳಿಂದ ಇನ್ನಷ್ಟು ಬಸ್ಸು ಬಿಡಿರೆಂದು ಮೊದಲ ಸಾಲಿನಲ್ಲಿ ಬರೆಯುತ್ತಿದ್ದನೇನೋ.