ಎಂಗೇಜ್ ಸದ್ದು ಸುಳ್ಳು ಹೇಳಬಲ್ಲುದೇ?

ಸುಳ್ಳೆಂದರೆ ನಾಲಿಗೆಯ ಪಾಪ ಎಂದು ನಾವು ಸಾಮಾನ್ಯವಾಗಿ ತಿಳಿದಿದ್ದೇವೆ. ಬಾಯಿ ತೆರೆಯದಿದ್ದರೆ ಸುಳ್ಳು ಹೇಳಿದಂತಾಗದು ಎಂಬ ಸಮಾಧಾನವೂ ನಮ್ಮಲ್ಲಿದೆ. ಈ ಸಮಾಧಾನ ಎಷ್ಟರ ಮಟ್ಟಿಗೆ ಸರಿ? ದಿನನಿತ್ಯದ ಒಂದು ಸಣ್ಣ ವಿಷಯವನ್ನು ಮುಂದಿಟ್ಟುಕೊಂಡು ಚಿಂತಿಸೋಣ.

ಬೆಂಗಳೂರಿನ ಬಸವೇಶ್ವರನಗರದ ಒಂದು ಅಂಗಡಿಯನ್ನು ಊಹಿಸಿಕೊಳ್ಳಿ. ಅಲ್ಲಿ ಮೂರು ಫೋನ್ ಲೈನುಗಳಿವೆ. ಗಿರಾಕಿಗಳಿಗೆ ಕೊಟ್ಟಿರುವುದು ಒಂದೇ ನಂಬರು. ಮೊದಲ ಲೈನಿನಲ್ಲಿ ಯಾರಾದರೂ ಮಾತನಾಡುತ್ತಿದ್ದರೆ ಕರೆ ಎರಡನೆಯದಕ್ಕೆ, ಅದೂ ಬಿಡುವಿಲ್ಲದಿದ್ದರೆ ಮೂರನೆಯದಕ್ಕೆ ಹೋಗುತ್ತದೆ. ಇದಕ್ಕೆ ಹಂಟಿಂಗ್ ಎನ್ನುತ್ತಾರೆ. ಒಂದು ದಿನ ಮಳೆ ಬಂದು ಮೊದಲ ಲೈನಿನ ತಂತಿ ತುಂಡಾಯಿತೆನ್ನಿ. ಆಗ ಏನಾಗುತ್ತದೆ? ಕರೆ ಮಾಡಿದವನ ಕಿವಿಗೆ ಬೀಳುವ ರಿಂಗ್ ಸದ್ದು ಅಂಗಡಿಯಿಂದ ಬರುವುದಲ್ಲ, ಎಕ್ಸ್‌ಚೇಂಜಿನಿಂದ ಬರುವುದು. ಆದ್ದರಿಂದ ಅಂಗಡಿಯಲ್ಲಿ ಗಂಟೆಯೇ ಬಾರಿಸದಿದ್ದರೂ ಅವನಿಗೆ ರಿಂಗ್ ಕೇಳುತ್ತಲೇ ಇರುತ್ತದೆ. 'ಬೇಕೆಂದೇ ಎತ್ತುತ್ತಿಲ್ಲ' ಎಂದು ಅವನು ಬೇಸರಪಡುತ್ತಾನೆ. ಸರಿಯಾಗಿರುವ ಉಳಿದೆರಡು ಲೈನುಗಳಿಗೆ ಕರೆ ಹೋಗುವುದೇ ಇಲ್ಲ.

ತಿಳಿದ ಕೆಲಸಗಾರನು ಆಗ ಮಾಡುವುದೇನು? ರಿಪೇರಿ ಮುಗಿಯುವವರೆಗೆ ಮೊದಲ ಲೈನು ಎಂಗೇಜ್ ಆಗಿದೆ ಎಂದು ತೋರುವಂತೆ ಎಕ್ಸ್‌ಚೇಂಜಿನಲ್ಲೇ ಏರ್ಪಾಡು ಮಾಡಿಸುತ್ತಾನೆ. ದೋಷ ಅಂಗಡಿಯ ಒಳಗಿನ ಉಪಕರಣದ್ದೇ ಆಗಿದ್ದರೆ ರಿಸೀವರ್ ಎತ್ತಿಟ್ಟರೂ ಸಾಕು. ರಿಸೀವರ್ ಎತ್ತಿದೊಡನೆ ತಂತಿಯಲ್ಲಿ ವಿದ್ಯುತ್ತು ಹರಿಯತೊಡಗುತ್ತದೆ, ಎಕ್ಸ್‌ಚೇಂಜು ಆ ಲೈನು ಬಳಕೆಯಲ್ಲಿದೆಯೆಂದು ಗುರುತಿಸಿಕೊಳ್ಳುತ್ತದೆ. ಕರೆಯು ಮುಂದಿನ ಲೈನಿಗೆ ದಾಟುತ್ತದೆ.

ಯಾರೂ ಮಾತನಾಡದ ಲೈನನ್ನು ಎಂಗೇಜ್ ಎಂದು ತೋರಿಸುವುದು ಮೋಸವಲ್ಲವೇ? ಸೂಕ್ಷ್ಮವಾಗಿ ನೋಡಿದರೆ ಅಲ್ಲ. ಹಾಗೆ ಮಾಡದೆ ಬಿಟ್ಟಿದ್ದರೇ ಗಿರಾಕಿಯ ಮನಸ್ಸಿನಲ್ಲಿ ತಪ್ಪು ತಿಳುವಳಿಕೆ ಹುಟ್ಟುತ್ತಿತ್ತು. ಹೀಗೆ ಮಾಡಿದ್ದರಿಂದ ಅವನು ಬಯಸಿದ ಅಂಗಡಿ ಅವನಿಗೆ ಸಿಕ್ಕಿತು. ಒಂದೇ ಲೈನಿರುವ ಅಂಗಡಿಯಲ್ಲೂ ಹೀಗೆಯೇ. ಎಂಗೇಜ್ ಸದ್ದಿಗೆ ಜನರ ವಾಡಿಕೆಯಲ್ಲಿ 'ಈಗ ಸಿಗುವುದಿಲ್ಲ, ಸ್ವಲ್ಪ ಹೊತ್ತಿನ ಬಳಿಕ ಪ್ರಯತ್ನಿಸಿ' ಎಂಬ ಅರ್ಥವಿದೆ. ರಿಪೇರಿಯ ಸಮಯದಲ್ಲಿ ಅದು ನಿಜವೇ ಆಗಿರುತ್ತದೆ.

ಈಗ ಅದೇ ಬೀದಿಯ ಇನ್ನೊಂದು ಅಂಗಡಿಯನ್ನು ನೋಡಿ. ಫೋನು ಸರಿಯಾಗಿದೆ. ಗಲ್ಲಾಪೆಟ್ಟಿಗೆಯಲ್ಲಿ ಹಣವೂ ಇದೆ. ಆದರೆ ಸರಕು ಕೊಟ್ಟ ವ್ಯಾಪಾರಿ ಬಾಕಿ ಕೇಳಬಹುದೆಂದು ಮಾಲೀಕನು ರಿಸೀವರ್ ಎತ್ತಿ ಪಕ್ಕಕ್ಕಿಟ್ಟಿದ್ದಾನೆ. ಆ ವ್ಯಾಪಾರಿಯ ಕಿವಿಗೆ ಬೀಳುವುದೂ ಅದೇ ಎಂಗೇಜ್ ಸದ್ದು. ಆದರೆ ಇಲ್ಲಿ ಒಬ್ಬನ ಹಕ್ಕು ತಡೆಯಲ್ಪಟ್ಟಿದೆ. ಕೊಡಲು ಶಕ್ತನಾಗಿದ್ದೂ ಸಾಲವನ್ನು ಮುಂದೂಡುವುದು ಅನ್ಯಾಯವೆಂದು ಪ್ರವಾದಿ(ಸ)ರವರು ಕಲಿಸಿದ್ದಾರೆ. ಮರುದಿನ ಅವನು 'ಲೈನು ಕೆಟ್ಟಿತ್ತು' ಎಂದರೆ ಮಾತಿನ ಸುಳ್ಳೂ ಸೇರಿತು. ಹಾಗೆ ಹೇಳದಿದ್ದರೂ ಸುಳ್ಳು ಮುನ್ನಾದಿನವೇ ನಡೆದುಹೋಗಿದೆ.

ಮಾತಿಲ್ಲದ ಮೋಸದ ಬಗ್ಗೆ ನಮ್ಮ ಧರ್ಮವು ಹಿಂದೆಯೇ ಎಚ್ಚರಿಸಿದೆ. ಮಾರುವ ಮುನ್ನ ಕೆಲವು ದಿನ ಹಾಲು ಕರೆಯದೆ ಬಿಟ್ಟು, ಕೆಚ್ಚಲು ತುಂಬಿದಂತೆ ತೋರಿಸುವುದನ್ನು ಪ್ರವಾದಿ(ಸ)ರವರು ನಿಷೇಧಿಸಿದರು. ಮೋಸಹೋದ ಕೊಳ್ಳುಗನಿಗೆ ಆ ಪ್ರಾಣಿಯನ್ನು ಹಿಂದಿರುಗಿಸುವ ಹಕ್ಕನ್ನೂ ಕೊಟ್ಟರು. ಮಾರಾಟಗಾರನು ಬಾಯಿಂದ ಏನನ್ನೂ ಹೇಳಿರಲಿಲ್ಲ. ಆದರೆ ಕೆಚ್ಚಲು ಅವನ ಪರವಾಗಿ ಸುಳ್ಳು ಹೇಳಿತ್ತು. ಸಂತೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಯಿಟ್ಟು ಒಳಗಿನ ತೇವವನ್ನು ಅವರು ಕಂಡ ಘಟನೆಯೂ ಪ್ರಸಿದ್ಧವಾಗಿದೆ. ಮಳೆಯಿಂದ ನೆನೆದುದು ವ್ಯಾಪಾರಿಯ ತಪ್ಪಲ್ಲ. ಒಣಗಿದ್ದನ್ನು ಮೇಲಿಟ್ಟು ಒದ್ದೆಯಾದುದನ್ನು ಮರೆಮಾಡಿದ್ದು ತಪ್ಪು.

ಹಾಗಾದರೆ ಬೇಡದ ಕರೆಯಿಂದ ತಪ್ಪಿಸಿಕೊಳ್ಳಲು ದಾರಿಯೇ ಇಲ್ಲವೇ? ಇಮಾಮ್ ಗಝಾಲಿ(ರ)ಯವರು 'ಇಹ್ಯಾ'ದಲ್ಲಿ ಕೂಫಾದ ವಿದ್ವಾಂಸ ಶಅಬೀ(ರ)ಯವರ ಪ್ರಸಂಗವೊಂದನ್ನು ಉಲ್ಲೇಖಿಸುತ್ತಾರೆ. ಭೇಟಿಗೆ ಮನಸ್ಸಿಲ್ಲದಾಗ ಅವರು ನೆಲದ ಮೇಲೆ ಒಂದು ವೃತ್ತ ಬರೆದು, ಅದರೊಳಗೆ ಬೆರಳಿಟ್ಟು 'ಇಲ್ಲಿ ಇಲ್ಲ' ಎಂದು ಹೇಳುವಂತೆ ಸೇವಕಿಗೆ ತಿಳಿಸುತ್ತಿದ್ದರಂತೆ. ಮಾತಿನಲ್ಲಿ ಸುಳ್ಳಾಗಬಾರದೆಂಬ ಎಚ್ಚರ ಅವರದು. ಆದರೆ ಇಂತಹ ಉಪಾಯಗಳು ಅಗತ್ಯಕ್ಕೆ ಮಾತ್ರ, ಅಗತ್ಯವಿಲ್ಲದೆ ಇನ್ನೊಬ್ಬನಲ್ಲಿ ತಪ್ಪು ತಿಳುವಳಿಕೆ ಮೂಡಿಸುವುದು ಮೆಚ್ಚತಕ್ಕದ್ದಲ್ಲ ಎಂಬುದು ಇಮಾಮರ ಅಭಿಪ್ರಾಯ.

ಇದಕ್ಕಿಂತ ನೇರವಾದ ದಾರಿಯನ್ನು ಪವಿತ್ರ ಕುರ್‌ಆನಿನ ಅನ್ನೂರ್ ಅಧ್ಯಾಯವು ತೋರಿಸುತ್ತದೆ. ಬಾಗಿಲಿಗೆ ಬಂದವನನ್ನು ಹಿಂದಿರುಗಿ ಹೋಗುವಂತೆ ಹೇಳಲು ಮನೆಯವನಿಗೆ ಹಕ್ಕಿದೆ. ಬಂದವನು ಬೇಸರಿಸದೆ ಹಿಂದಿರುಗಬೇಕು. ಈ ಶಿಷ್ಟಾಚಾರವನ್ನು ನಾವು ಫೋನಿಗೂ ಅನ್ವಯಿಸಿದರೆ ಅರ್ಧದಷ್ಟು ಸುಳ್ಳುಗಳು ತಾವಾಗಿಯೇ ಇಲ್ಲವಾಗುವವು. 'ಈಗ ಬಿಡುವಿಲ್ಲ' ಎನ್ನುವ ಧೈರ್ಯ ಒಬ್ಬನಿಗಿರಲಿ, ಅದನ್ನು ಅವಮಾನವೆಂದು ತಿಳಿಯದ ಸಹನೆ ಇನ್ನೊಬ್ಬನಿಗಿರಲಿ. 'ಹಣ ಇನ್ನೂ ಕೂಡಿಲ್ಲ, ಹತ್ತು ದಿನ ಕೊಡಿ' ಎನ್ನುವುದು ಕಷ್ಟವೇ. ಆದರೆ ಕಾಯುವವನಿಗೆ ತಾನೆಲ್ಲಿ ನಿಂತಿದ್ದೇನೆಂದಾದರೂ ತಿಳಿಯುತ್ತದೆ.

ಇಂದು ಮೇಜಿನ ಮೇಲಿನ ಫೋನು ಅಪರೂಪವಾಗಿದೆ. ಮೊಬೈಲನ್ನು ಸ್ವಿಚ್ ಆಫ್ ಮಾಡಿ ಬಳಿಕ 'ನೆಟ್‌ವರ್ಕ್ ಇರಲಿಲ್ಲ' ಎನ್ನುವ ಅಭ್ಯಾಸ ಬೆಳೆದಿದೆ. ಅಬ್ಬಾ ಪಕ್ಕದಲ್ಲೇ ಕುಳಿತು, 'ಮನೆಯಲ್ಲಿಲ್ಲ ಎಂದು ಹೇಳು' ಎಂದು ಮಗುವಿನ ಕೈಗೆ ಫೋನ್ ಕೊಡುವುದೂ ಇದೆ. ಆ ಮಗು ಅಂದು ಕಲಿತದ್ದನ್ನು ನಾಳೆ ನಮ್ಮ ಮೇಲೆಯೇ ಪ್ರಯೋಗಿಸಿದರೆ ದೂರುವುದಾದರೂ ಯಾರನ್ನು?

ಬಸವೇಶ್ವರನಗರವು ನಡೆ ನುಡಿ ಒಂದಾಗಿರಬೇಕೆಂದು ಬೋಧಿಸಿದ ಬಸವಣ್ಣನವರ ಹೆಸರನ್ನು ಹೊತ್ತ ಬಡಾವಣೆ. ಅಲ್ಲಿನ ನಮ್ಮ ಅಂಗಡಿಯಲ್ಲೂ ಮನೆಯಲ್ಲೂ ಆ ಮೌಲ್ಯಕ್ಕೆ ಸ್ಥಾನವಿರಬೇಕಲ್ಲವೇ?

ಆದ್ದರಿಂದ ರಿಸೀವರ್ ಎತ್ತಿಡುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಿ. ಇದರಿಂದ ಯಾರದಾದರೂ ಹಕ್ಕು ತಪ್ಪುತ್ತದೆಯೇ? ಕಾರಣ ಕೇಳಿದರೆ ಸಂಕೋಚವಿಲ್ಲದೆ ಹೇಳಬಲ್ಲೆನೇ? ಕೆಲಸ ಮುಗಿದೊಡನೆ ರಿಸೀವರನ್ನು ಮತ್ತೆ ಅದರ ಸ್ಥಾನದಲ್ಲಿ ಇಡುವೆನೇ? ಬೆಳಿಗ್ಗೆ ಹನ್ನೊಂದಕ್ಕೆ ರಿಪೇರಿ ಮುಗಿದರೂ ಸಂಜೆಯವರೆಗೆ ಎತ್ತಿಟ್ಟ ರಿಸೀವರ್ ಹನ್ನೊಂದರವರೆಗೆ ನಿಜವನ್ನೇ ಹೇಳುತ್ತಿತ್ತು. ಆ ಬಳಿಕ ಅದು ಹೇಳಿದ್ದರ ಹೊಣೆ ನಮ್ಮದು. ಅಲ್ಲಾಹನು ನಮ್ಮ ನಾಲಿಗೆಯನ್ನೂ, ನಾಲಿಗೆಯ ಕೆಲಸ ಮಾಡುವ ನಮ್ಮ ಕೈಗಳನ್ನೂ ಸತ್ಯದ ಮೇಲೆ ನಿಲ್ಲಿಸಲಿ.