ರಿಪೇರಿಯಾದ ಮೇಲೆ ಹೇಳಬೇಕೆ?

ಪುಣೆಯ ನಮ್ಮ ಫ್ಲ್ಯಾಟಿನ ಚಿಕ್ಕ ಕೋಣೆಯಲ್ಲಿ, ಇಸ್ತ್ರಿ ಮೇಜಿನ ಪಕ್ಕ ಒಂದು ಮರದ ಪೆಟ್ಟಿಗೆಯಿದೆ. ಅದರ ಮುಖದ ತುಂಬ ಸಾಲುಸಾಲು ನಾಬ್‌ಗಳು, ತೂತುಗಳು, ಪುಟ್ಟ ದೀಪಗಳು. ಒಂದು ತೂತಿನಿಂದ ಇನ್ನೊಂದಕ್ಕೆ ಬಣ್ಣಬಣ್ಣದ ಕೇಬಲ್ಲುಗಳು. ಊರಿನಿಂದ ಬಂದ ಚಿಕ್ಕಪ್ಪ ಮೊದಲ ಸಲ ನೋಡಿದಾಗ, "ಇದೇನೋ, ಹಳೇ ಟೆಲಿಫೋನ್ ಎಕ್ಸ್‌ಚೇಂಜ್ ತಂದಿಟ್ಕೊಂಡಿದೀಯ?" ಎಂದರು. ಇದು ಸಂಗೀತದ ವಾದ್ಯ ಎಂದೆ. "ಎಲ್ಲಿ, ನುಡಿಸು" ಎಂದರು. ನುಡಿಸಿದೆ. ಸ್ವಲ್ಪ ಹೊತ್ತು ಕೇಳಿ, "ಸರಿ, ಕಾಫಿ ಮಾಡ್ಸು" ಎಂದರು.

ಇದು ಮಾಡ್ಯುಲರ್ ಸಿಂಥಸೈಸರ್. ಮಾಮೂಲಿ ಕೀಬೋರ್ಡಿನಲ್ಲಿ ಎಲ್ಲವೂ ಒಂದೇ ಡಬ್ಬಿಯೊಳಗೆ ಸೇರಿಕೊಂಡಿರುತ್ತದೆ. ಇದರಲ್ಲಿ ಒಂದೊಂದು ಕೆಲಸಕ್ಕೆ ಒಂದೊಂದು ಮಾಡ್ಯೂಲ್. ಸ್ವರ ಹುಟ್ಟಿಸುವುದು ಆಸಿಲೇಟರ್, ಅದರ ಬಣ್ಣ ತಿದ್ದುವುದು ಫಿಲ್ಟರ್, ಸದ್ದು ಹೇಗೆ ಏರಬೇಕು, ಹೇಗೆ ಇಳಿಯಬೇಕು ಎಂದು ಹೇಳಲು ಇನ್ನೊಂದು. ಇವು ಒಂದಕ್ಕೊಂದು ಮಾತಾಡುವುದು ವೋಲ್ಟೇಜಿನ ಭಾಷೆಯಲ್ಲಿ. ಒಂದು ವೋಲ್ಟ್ ಏರಿಸಿದರೆ ಸ್ವರ ಸರಿಯಾಗಿ ಒಂದು ಸ್ಥಾಯಿ ಮೇಲಕ್ಕೆ ಹೋಗುತ್ತದೆ. ಕಂಪ್ಯೂಟರಿನಲ್ಲಿರುವಂತೆ 'ಸೇವ್' ಇಲ್ಲ. ಕೇಬಲ್ ಕಿತ್ತರೆ ಆ ಸಂಗೀತ ಹೋಯಿತು.

1964ರ ಸುಮಾರಿಗೆ ನ್ಯೂಯಾರ್ಕ್ ರಾಜ್ಯದಲ್ಲಿ ರಾಬರ್ಟ್ ಮೂಗ್, ಕ್ಯಾಲಿಫೋರ್ನಿಯಾದಲ್ಲಿ ಡಾನ್ ಬುಕ್ಲಾ, ಒಬ್ಬರಿಂದೊಬ್ಬರು ಬೇರೆಯಾಗಿ ಇಂಥ ಯಂತ್ರಗಳನ್ನು ಕಟ್ಟಿದರು. ನಮ್ಮ ದೇಶಕ್ಕೂ ಇದು ತಡವಾಗಿ ಬಂದದ್ದಲ್ಲ. 1969ರಲ್ಲೇ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಒಂದು ಮೂಗ್ ಯಂತ್ರವನ್ನು ಕೂರಿಸಿಕೊಟ್ಟರು. ಗೀತಾ ಸಾರಾಭಾಯಿ ಮುಂತಾದವರು ಅದರಲ್ಲಿ ಕೆಲಸ ಮಾಡಿದರು. ಆ ಟೇಪುಗಳು ಸುಮಾರು ಅರ್ಧ ಶತಮಾನ ಅಲ್ಲಿಯ ಸಂಗ್ರಹದಲ್ಲೇ ಇದ್ದವು. ಪಾಲ್ ಪರ್ಗಸ್ ಎಂಬ ಕಲಾವಿದ ಅವನ್ನು ಹುಡುಕಿ ತೆಗೆದ ಮೇಲೆ, 2023ರಲ್ಲಿ ಅವುಗಳಲ್ಲಿ ಕೆಲವು ಹೊರಬಂದವು. ಈಗ ನನ್ನಂಥವರ ಮನೆಯಲ್ಲಿರುವುದು ಜರ್ಮನಿಯ ಡೀಟರ್ ಡೋಪ್ಫರ್ 1990ರ ದಶಕದ ನಡುವೆ ಶುರುಮಾಡಿದ ಚಿಕ್ಕ ಅಳತೆಯ ಮಾದರಿ. ಮಾಡ್ಯೂಲಿನ ಎತ್ತರ 128.5 ಮಿಲಿಮೀಟರ್, ವಿದ್ಯುತ್ತು ಪ್ಲಸ್ 12 ಮತ್ತು ಮೈನಸ್ 12 ವೋಲ್ಟ್. ಈ ಪ್ಲಸ್ಸು-ಮೈನಸ್ಸಿನ ವಿಷಯಕ್ಕೆ ಮತ್ತೆ ಬರುತ್ತೇನೆ. ಈ ಬರಹ ಹುಟ್ಟಿದ್ದೇ ಅಲ್ಲಿಂದ.

ಕೊಳ್ಳುವುದಕ್ಕಿಂತ ಸಾಕುವುದು ಕಷ್ಟ ಎಂದು ಹಸುವಿನ ಬಗ್ಗೆ ನಮ್ಮಜ್ಜ ಹೇಳುತ್ತಿದ್ದರು. ಇದೂ ಹಾಗೆಯೇ. ಪಕ್ಕದಲ್ಲಿ ಹೊಸ ಕಟ್ಟಡ ಏಳುತ್ತಿದೆ, ಧೂಳು ನಾಬ್‌ನ ಒಳಗೆ ಸೇರಿ ತಿರುಗಿಸಿದಾಗ ಕರಕರ ಎನ್ನುತ್ತದೆ. ಮಳೆಗಾಲದಲ್ಲಿ ತೇವ. ಸಂಜೆ ನುಡಿಸಬೇಕೆಂದರೆ ಅರ್ಧ ಗಂಟೆ ಮೊದಲೇ ಆನ್ ಮಾಡಿಡಬೇಕು, ಇಲ್ಲದಿದ್ದರೆ ಒಳಗಿನ ಭಾಗಗಳು ಬಿಸಿಯಾಗುತ್ತಾ ಹೋದಂತೆ ಶ್ರುತಿ ಜಾರುತ್ತದೆ. ಆರು ತಿಂಗಳಿಗೊಮ್ಮೆ ಮಾಡ್ಯೂಲುಗಳನ್ನು ಬಿಚ್ಚಿ, ಬ್ರಷ್ಷಿನಲ್ಲಿ ಒರೆಸಿ, ಹಿಂದಿನ ಪಟ್ಟಿ ಕೇಬಲ್ಲುಗಳನ್ನು ಮತ್ತೆ ಸಿಕ್ಕಿಸುತ್ತೇನೆ. ಆ ಕೇಬಲ್ಲಿನ ಒಂದು ಅಂಚಿನಲ್ಲಿ ಕೆಂಪು ಗೆರೆ ಇರುತ್ತದೆ. ಕೆಂಪು ಗೆರೆ ಮೈನಸ್ 12 ವೋಲ್ಟಿನ ಕಡೆ ಬರಬೇಕು. ಈ ಹವ್ಯಾಸಕ್ಕೆ ಬಂದವರಿಗೆ ಮೊದಲ ದಿನ ಹೇಳಿಕೊಡುವ ಪಾಠ ಇದು.

ನನ್ನ ಪೆಟ್ಟಿಗೆಯಲ್ಲಿರುವ ಒಂದು ಆಸಿಲೇಟರ್ ನನ್ನದಲ್ಲ, ಗೆಳೆಯನದು. ಅವನು ಇಲ್ಲಿಯವನೇ, ಮರಾಠಿಯವನು. ನನಗೆ ಈ ಹುಚ್ಚು ಹಿಡಿಸಿದವನೂ ಅವನೇ. ಮೂರು ವರ್ಷದ ಹಿಂದೆ ಕೆಲಸದ ಮೇಲೆ ಬರ್ಲಿನ್ನಿಗೆ ಹೊರಟಾಗ ಅದನ್ನು ನನ್ನ ಕೈಗೆ ಕೊಟ್ಟು, "ಬಂದಾಗ ತಗೊಂಡು ಹೋಗ್ತೀನಿ. ಅಲ್ಲೀವರೆಗೂ ನುಡಿಸ್ತಿರು, ಸುಮ್ನೆ ಇಟ್ರೆ ಹಾಳಾಗುತ್ತೆ" ಎಂದ. ಅಂಗಡಿಯದಲ್ಲ, ತಾನೇ ಸೋಲ್ಡರ್ ಮಾಡಿ ಕಟ್ಟಿದ್ದು. ಅದರ ಶ್ರುತಿ ನಿಲ್ಲಬೇಕಾದರೆ ಒಳಗೆ ಎರಡು ಟ್ರಾನ್ಸಿಸ್ಟರುಗಳು ಅವಳಿ ಮಕ್ಕಳಂತೆ ಒಂದೇ ಗುಣದವಾಗಿರಬೇಕು. ಅಂಥ ಜೋಡಿಗಾಗಿ ಅವನು ನಲವತ್ತು ಟ್ರಾನ್ಸಿಸ್ಟರುಗಳನ್ನು ಒಂದೊಂದಾಗಿ ಮೀಟರಿಗೆ ಹಚ್ಚಿ ಅಳೆದಿದ್ದ. ಸಿಕ್ಕ ಎರಡನ್ನು, ಬಿಸಿ ಒಂದೇ ಸಮ ಇರಲೆಂದು, ಮುಖಕ್ಕೆ ಮುಖ ಕೂಡಿಸಿ ಅಂಟಿಸಿದ್ದ.

ಈ ವರ್ಷ ಫೆಬ್ರವರಿಯಲ್ಲಿ ಒಂದು ರಾತ್ರಿ, ಆಫೀಸಿನ ಕಾಲ್ ಹನ್ನೊಂದೂವರೆಗೆ ಮುಗಿದ ಮೇಲೆ, ಧೂಳು ಒರೆಸಲು ಕೂತೆ. ಅವನ ಆಸಿಲೇಟರನ್ನು ತಿರುಗಿ ಸಿಕ್ಕಿಸುವಾಗ ಕೇಬಲ್ ಉಲ್ಟಾ ಆಯಿತು. ಸ್ವಿಚ್ ಒತ್ತಿದೆ. ಎರಡು ಸೆಕೆಂಡಿನಲ್ಲಿ ಸುಟ್ಟ ವಾಸನೆ.

ಮೊದಲು ಬಂದ ಯೋಚನೆಯನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ. 'ಉಲ್ಟಾ ಹಾಕಿದರೂ ಸುಡದಂತೆ ಅವನು ಒಂದು ಡಯೋಡ್ ಹಾಕಿಡಬೇಕಿತ್ತು.' ತಪ್ಪು ನನ್ನದೆಂದು ಮೂಗಿಗೆ ಗೊತ್ತಾದ ಕ್ಷಣದಲ್ಲೇ ಮನಸ್ಸು ಅದನ್ನು ಇನ್ನೊಬ್ಬನ ತಲೆಗೆ ಕಟ್ಟಲು ಹೊರಟಿತ್ತು.

ಆ ಶನಿವಾರ ಬುಧವಾರ ಪೇಠೆಯ ತಪಕೀರ್ ಗಲ್ಲಿಗೆ ಹೋಗಿ ಬಿಡಿಭಾಗಗಳನ್ನು ತಂದೆ. ಎರಡು ಚಿಪ್ಪು ಹೋಗಿದ್ದವು, ಆ ಜೋಡಿ ಟ್ರಾನ್ಸಿಸ್ಟರೂ ಹೋಗಿತ್ತು. ಎಲ್ಲ ಸೇರಿ ಖರ್ಚು ಇನ್ನೂರು ರೂಪಾಯಿಯ ಒಳಗೆ. ಮೂವತ್ತು ಟ್ರಾನ್ಸಿಸ್ಟರು ಕೊಂಡು, ಅವನಂತೆಯೇ ಅಳೆದು, ಜೋಡಿ ಹುಡುಕಿ, ಅಂಟಿಸಿ, ಸೋಲ್ಡರ್ ಮಾಡಿದೆ. ಆಮೇಲೆ ಎರಡು ದಿನ ಶ್ರುತಿ ಕೂರಿಸಿದೆ. ಐದು ಸ್ಥಾಯಿಯಲ್ಲೂ ಸ್ವರ ಸರಿಯಾಗಿ ನಿಂತಿತು. ನನಗಂತೂ ಮೊದಲಿಗೂ ಈಗಿಗೂ ಒಂದಿಷ್ಟೂ ವ್ಯತ್ಯಾಸ ಕೇಳಿಸಲಿಲ್ಲ.

ಏಪ್ರಿಲ್‌ನಲ್ಲಿ ಅವನು ರಜೆಗೆ ಬಂದಾಗ ನಮ್ಮ ಮನೆಗೆ ಊಟಕ್ಕೆ ಬಂದಿದ್ದ. ಊಟವಾದ ಮೇಲೆ ಒಂದು ಗಂಟೆ ಪೆಟ್ಟಿಗೆಯ ಮುಂದೆ ಕೂತು ತನ್ನ ಆಸಿಲೇಟರನ್ನೇ ನುಡಿಸಿದ. "ಎಷ್ಟು ಚೆನ್ನಾಗಿ ಇಟ್ಕೊಂಡಿದೀಯ" ಎಂದ. ನಾನು ಥ್ಯಾಂಕ್ಸ್ ಎಂದೆ.

ಕೆಟ್ಟದ್ದನ್ನು ಸರಿಮಾಡಿ ಮೊದಲಿನಂತೆ ಇಟ್ಟ ಮೇಲೂ, ಕೆಡಿಸಿದ್ದೆ ಎಂದು ಹೇಳಬೇಕೆ? ಆವತ್ತಿನಿಂದ ತಿಂಗಳುಗಟ್ಟಲೆ ಇದನ್ನು ಎಲ್ಲ ಕಡೆಯಿಂದ ತಿರುಗಿಸಿ ನೋಡಿದ್ದೇನೆ. ಹೇಳಬೇಕಿಲ್ಲ ಎನ್ನುವುದಕ್ಕೆ ನನ್ನ ಹತ್ತಿರ ಎರಡು ವಾದಗಳಿದ್ದವು.

ಒಂದು, ಯಾರಿಗೂ ನಷ್ಟವಾಗಿಲ್ಲ. ವಸ್ತು ಇರುವುದು ಸದ್ದಿಗಾಗಿ, ಸದ್ದು ಅದೇ ಇದೆ. ಎರಡನೆಯದು ಇನ್ನೂ ಗಟ್ಟಿ. ಹೇಳಿದರೆ ಹಗುರಾಗುವವನು ನಾನು, ಭಾರ ಹೊರುವವನು ಅವನು. ಆರು ಸಾವಿರ ಕಿಲೋಮೀಟರು ದೂರದಲ್ಲಿ ನೆಮ್ಮದಿಯಾಗಿರುವವನಿಗೆ, ನೀನು ನಲವತ್ತರಲ್ಲಿ ಆರಿಸಿದ ಜೋಡಿ ಈಗಿಲ್ಲ ಎಂದು ತಿಳಿಸಿ ಏನು ಸಾಧಿಸಿದಂತಾಯಿತು? ತಪ್ಪೊಪ್ಪಿಗೆಯಲ್ಲೂ ಒಂದು ಸ್ವಾರ್ಥವಿದೆ. ಇದು ನಿಜವೆಂದು ಈಗಲೂ ನನಗನ್ನಿಸುತ್ತದೆ.

ಈ ವಾದಗಳು ಸಡಿಲವಾದದ್ದು ಆಫೀಸಿನಲ್ಲಿ. ಸೆಪ್ಟೆಂಬರಿನಲ್ಲಿ ನಮ್ಮ ತಂಡದ ಹುಡುಗನೊಬ್ಬ ರಾತ್ರಿ ಪ್ರೊಡಕ್ಷನ್ನಿನಲ್ಲಿ ಏನೋ ಎಡವಟ್ಟು ಮಾಡಿ, ತಾನೇ ಸರಿಪಡಿಸಿ, ಯಾರಿಗೂ ಹೇಳದೆ ಸುಮ್ಮನಾಗಿದ್ದ. ಎರಡು ವಾರದ ನಂತರ ಬೇರೊಂದು ತೊಂದರೆ ಬಂತು. ಇನ್ನೊಬ್ಬಳು ಇಂಜಿನಿಯರು ಬೆಳಗಿನ ಜಾವ ಮೂರರವರೆಗೆ ಕೂತು ತನ್ನದೇ ಕೋಡಿನಲ್ಲಿ ತಪ್ಪು ಹುಡುಕಿದಳು. ತಪ್ಪು ಅವಳದಾಗಿರಲಿಲ್ಲ, ಆ ಗುಟ್ಟಿನ ರಿಪೇರಿಯದಾಗಿತ್ತು. ನಾನು ಹುಡುಗನನ್ನು ಕರೆದು ಬೈದೆ. "ಸರ್, ಸರಿ ಹೋಗಿತ್ತಲ್ಲ" ಎಂದ. "ಕೆಡಿಸಿದ್ದಕ್ಕೆ ಬೈತಿಲ್ಲ, ಹೇಳದೇ ಇದ್ದದ್ದಕ್ಕೆ ಬೈತಿದೀನಿ" ಎಂದೆ. ಹೇಳಿ ಮುಗಿಸುವಷ್ಟರಲ್ಲಿ ನನ್ನ ಕಿವಿ ಬಿಸಿಯಾಗಿತ್ತು.

ಯಾರಿಗೂ ನಷ್ಟವಿಲ್ಲ ಎಂಬ ನನ್ನ ಮೊದಲ ವಾದ ಎಲ್ಲಿ ತಪ್ಪುತ್ತದೆ ಎಂಬುದು ಆಗ ಕಾಣಿಸಿತು. ನಾಳೆ ಆ ಆಸಿಲೇಟರಿನ ಶ್ರುತಿ ಜಾರಿದರೆ ಗೆಳೆಯ ಅದನ್ನು ಬಿಚ್ಚಿ, ತನ್ನ ಸೋಲ್ಡರಿಂಗಿನಲ್ಲಿ, ತನ್ನ ಲೆಕ್ಕದಲ್ಲಿ ತಪ್ಪು ಹುಡುಕುತ್ತಾನೆ. ತನ್ನ ಕೈಯನ್ನೇ ಅನುಮಾನಿಸುತ್ತಾನೆ. ಮುಚ್ಚಿಟ್ಟ ರಿಪೇರಿಯಲ್ಲಿ ನನ್ನ ತಪ್ಪು ಹೋಗಿರುವುದಿಲ್ಲ. ಅವನ ಹೆಸರಿಗೆ ವರ್ಗವಾಗಿರುತ್ತದೆ, ಅಷ್ಟೇ.

ಎರಡನೆಯ ವಾದಕ್ಕೆ ಉತ್ತರ ಸಿಕ್ಕಿದ್ದು ಊರಿನ ನೆನಪಿನಲ್ಲಿ. ನಮ್ಮ ಸೋದರತ್ತೆಯ ಹತ್ತಿರ ಒಂದು ವೀಣೆಯಿತ್ತು. ವೀಣೆಯ 24 ಮೆಟ್ಟಿಲುಗಳು ಕೂತಿರುವುದು ಮೇಣದ ಮೇಲೆ. ವರ್ಷಗಳು ಕಳೆದಂತೆ, ಸೆಖೆಗೆ ಸಿಕ್ಕಿ, ಮೆಟ್ಟಿಲುಗಳು ಕದಲುತ್ತವೆ. ಆಗ ಹೊಸದಾಗಿ ಮೇಣ ಹಾಕಿ ಒಂದೊಂದನ್ನೂ ಕಿವಿಯಲ್ಲಿ ಕೇಳಿ ಮತ್ತೆ ಕೂರಿಸಬೇಕು. ಮೇಳ ಕಟ್ಟಿಸುವುದು ಎನ್ನುತ್ತಿದ್ದರು. ಅತ್ತೆ ವೀಣೆಯನ್ನು ಯಾರ ಕೈಗೆ ಕೊಟ್ಟರೂ ಅದರ ಚರಿತ್ರೆ ಹೇಳಿಯೇ ಕೊಡುತ್ತಿದ್ದರು. ಯಾವ ವರ್ಷ ಮೇಳ ಕಟ್ಟಿಸಿದ್ದು, ಕುಡಿಕೆ ಎಲ್ಲಿ ಬಿರುಕು ಬಿಟ್ಟಿತ್ತು, ಯಾರು ಬೀಳಿಸಿದ್ದು. ಬೀಳಿಸಿದ್ದು ನಮ್ಮಪ್ಪ, ಎಂಟನೇ ವಯಸ್ಸಿನಲ್ಲಿ. ಅದನ್ನು ಅಪ್ಪನ ಎದುರಿಗೇ ನಗುತ್ತಾ ಹೇಳುತ್ತಿದ್ದರು.

ನಮ್ಮೂರ ತೇರೂ ಹಾಗೆಯೇ. ಗಾಲಿ ಬದಲಾಗಿದೆ, ಅಚ್ಚು ಬದಲಾಗಿದೆ, ಹಳೇ ಮರ ಎಷ್ಟು ಉಳಿದಿದೆಯೋ ಯಾರಿಗೂ ತಿಳಿಯದು. ಆದರೂ ಅದು ಅದೇ ತೇರು ಎನ್ನುವುದರಲ್ಲಿ ಊರಿಗೆ ಅನುಮಾನವಿಲ್ಲ. ಏಕೆಂದರೆ ಪ್ರತಿ ಸಲ ಬಡಗಿ ಕೆಲಸ ಮಾಡಿದ್ದು ಊರಿನ ಎದುರಿಗೆ. ಒಂದು ವಸ್ತು ಹಳೆಯದಾಗಿಯೇ ಉಳಿಯುವುದು ಅದರ ಭಾಗಗಳು ಉಳಿದಿರುವುದರಿಂದಲ್ಲ, ಆದದ್ದೆಲ್ಲ ಅದರ ಜೊತೆಗೆ ಇರುವವರಿಗೆ ಗೊತ್ತಿರುವುದರಿಂದ. ಗೆಳೆಯನ ಆಸಿಲೇಟರಿಗೆ ಹೊಸ ಭಾಗ ಹಾಕಿದ್ದರಿಂದ ಅದು ಬೇರೆಯಾಗಲಿಲ್ಲ. ನಾನು ಹೇಳದೇ ಹೋದದ್ದರಿಂದ ಬೇರೆಯಾಯಿತು. ಅವನು ಏಪ್ರಿಲ್‌ನಲ್ಲಿ ಒಂದು ಗಂಟೆ ನುಡಿಸಿದ್ದು ತನ್ನದು ಎಂದುಕೊಂಡಿದ್ದ ಬೇರೆ ಯಾವುದನ್ನೋ. ಹೇಳುವುದರಿಂದ ನನಗೆ ಹಗುರಾಗಬಹುದು. ಆದರೆ ಅವನ ವಸ್ತುವಿನ ಚರಿತ್ರೆ ಅವನದು. ಅದನ್ನು ತಿಳಿದು ನೋವು ಪಡಬೇಕೋ ಬೇಡವೋ ಎಂದು ಅವನ ಪರವಾಗಿ ತೀರ್ಮಾನಿಸಲು ನಾನು ಯಾರು?

ಆ ಭಾನುವಾರ ಅವನಿಗೆ ಉದ್ದದ ಮೆಸೇಜು ಬರೆದೆ. ಮೊದಲ ಕರಡಿನಲ್ಲಿ ಕಾಲ್ ತಡವಾಗಿ ಮುಗಿದದ್ದು, ನಿದ್ದೆಗೆಟ್ಟದ್ದು, ಡಯೋಡ್ ಇಲ್ಲದ್ದು ಎಲ್ಲ ಇತ್ತು. ಅವನ್ನು ಅಳಿಸಿ, ಆದದ್ದು, ಬದಲಾಯಿಸಿದ್ದು, ಈಗಿರುವ ಸ್ಥಿತಿ ಇಷ್ಟನ್ನೇ ಉಳಿಸಿದೆ.

ನಾಲ್ಕು ದಿನ ಉತ್ತರವಿಲ್ಲ. ಐದನೆಯ ದಿನ ಒಂದು ಸಾಲು ಬಂತು. "ಯಾವಾಗ ಆದದ್ದು?"

ಆಗ ನೋಡಿಕೊಂಡೆ. ಅಷ್ಟು ಬರೆದವನು ದಿನಾಂಕ ಮಾತ್ರ ಬರೆದಿರಲಿಲ್ಲ. ಮರೆತದ್ದು ಎಂದು ನನಗೆ ನಾನೇ ಹೇಳಿಕೊಂಡೆ, ನಂಬಲಿಲ್ಲ. ಫೆಬ್ರವರಿ ಎಂದು ಕಳಿಸಿದೆ.

"ಅಂದ್ರೆ ನಾನು ಊಟಕ್ಕೆ ಬಂದಾಗ ನಿನಗೆ ಗೊತ್ತಿತ್ತು. ನಾನು ಚೆನ್ನಾಗಿ ಇಟ್ಕೊಂಡಿದೀಯ ಅಂದಾಗ ಥ್ಯಾಂಕ್ಸ್ ಅಂದೆ."

ಹೌದು ಎಂದೆ. ಬೇರೆ ಏನೂ ಉಳಿದಿರಲಿಲ್ಲ.

ಇದನ್ನು ಬರೆಯುವ ಹೊತ್ತಿಗೆ ಅವನು ಕ್ಷಮಿಸಿದ್ದಾನೆ ಎಂದು ಹೇಳುವ ಆಸೆಯಿತ್ತು. ಗೊತ್ತಿಲ್ಲ. ಒಂದು ವಾರ ಬಿಟ್ಟು, ಹೊಸ ಜೋಡಿಯ ಅಳತೆ ಎಷ್ಟು ಬಂದಿತ್ತು ಎಂದು ಕೇಳಿದ. ಕಳಿಸಿದೆ. ತನ್ನ ಹಳೇ ನೋಟ್‌ಬುಕ್ಕಿನ ಹಾಳೆಯ ಫೋಟೋ ಕಳಿಸಿದ. ಅದರಲ್ಲಿ ನಲವತ್ತರ ಪಟ್ಟಿ, ಎರಡು ಅಂಕಿಗಳ ಸುತ್ತ ಪೆನ್ಸಿಲ್ಲಿನ ಸುತ್ತು. ಆ ಫೋಟೋ ಯಾಕೆ ಕಳಿಸಿದ ಎಂದು ನಾನು ಕೇಳಲಿಲ್ಲ, ಅವನು ಹೇಳಲಿಲ್ಲ.

ಡಿಸೆಂಬರಿನಲ್ಲಿ ಬರುತ್ತಾನಂತೆ. ಆಸಿಲೇಟರನ್ನು ಈ ಸಲ ತೆಗೆದುಕೊಂಡು ಹೋಗುತ್ತಾನೋ ಬಿಟ್ಟು ಹೋಗುತ್ತಾನೋ ತಿಳಿಯದು. ನಾನಂತೂ ಅದನ್ನು ಇನ್ನೊಮ್ಮೆ ಬಿಚ್ಚಿ, ಒಳಬದಿಗೆ ಒಂದು ಚಿಕ್ಕ ಚೀಟಿ ಅಂಟಿಸಿದ್ದೇನೆ. ಏನು ಸುಟ್ಟಿತು, ಏನು ಹಾಕಿದ್ದು, ಯಾರು ಹಾಕಿದ್ದು ಎಂದು ಅದರಲ್ಲಿದೆ. ದಿನಾಂಕವನ್ನು ಎಲ್ಲಕ್ಕಿಂತ ಮೇಲೆ ಬರೆದಿದ್ದೇನೆ. ಆಮೇಲೆ ಕೆಂಪು ಗೆರೆಯನ್ನು ಎರಡು ಸಲ ನೋಡಿಕೊಂಡು ಕೇಬಲ್ ಸಿಕ್ಕಿಸಿ, ಸ್ವಿಚ್ ಹಾಕಿದೆ.