ಮಂಡಳಿಯ ಸ್ಥಾನಗಳನ್ನು ಕುರಿತ ನಿಯಮ

ಸಂಘದ ಉಪವಿಧಿಯನ್ನು ತಿದ್ದುವದು ಗುಮಾಸ್ತರ ಕೆಲಸವೆಂದು ಅನೇಕರು ಎಣಿಸಿ, ಮಹಾಸಭೆಯಲ್ಲಿ ಓದಿದ್ದಕ್ಕೆ ಕೈಯೆತ್ತಿ ಮನೆಗೆ ಹೋಗುತ್ತಾರೆ. ಆದರೆ ಆಡಳಿತ ಮಂಡಳಿಯಲ್ಲಿ ಯಾರು ಕೂತುಕೊಳ್ಳಬೇಕೆಂಬ ನಿಯಮವನ್ನು ತಿದ್ದುವಾಗ ಒಂದು ತೊಡಕುಂಟು. ಹೇಗಂದರೆ, ತಿದ್ದುಪಡಿಯನ್ನು ಮುಂದಿಡುವವರು ಸಾಮಾನ್ಯವಾಗಿ ಆಗಲೇ ಅಲ್ಲಿ ಕೂತಿರುವವರೇ. ಮನೆಯೊಳಗಿರುವವನೇ ಬಾಗಿಲಿನ ಅಗಲವನ್ನು ಗೊತ್ತುಮಾಡಿದರೆ ಹೊರಗೆ ನಿಂತವನಿಗೆ ನ್ಯಾಯ ದೊರಕುವದೋ?

ಕೆಂಗೇರಿಯ ಸುತ್ತಲಿನವರಿಗೆ ಇದು ದೂರದ ಪ್ರಶ್ನೆಯಲ್ಲ. ಆ ಕಡೆಯ ಎಷ್ಟೋ ಹೊಲಗಳು ಗೃಹನಿರ್ಮಾಣ ಸಹಕಾರ ಸಂಘಗಳ ಬಡಾವಣೆಗಳಾದವು. ಹಸು ಕಟ್ಟಿದವರು ಹಾಲು ಉತ್ಪಾದಕರ ಸಂಘಕ್ಕೆ ಹಾಲು ಹಾಕುತ್ತಾರೆ. ರಾಜಾಜಿನಗರ, ವಿಜಯನಗರಗಳಲ್ಲಿ ದುಡಿಯುವವರು ಪತ್ತಿನ ಸಂಘಗಳಲ್ಲಿ ಷೇರು ಇಟ್ಟಿದ್ದಾರೆ. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘವನ್ನು ಸ್ಥಾಪಿಸಿದಂದಿನಿಂದ ಈ ಕ್ರಮವು ನಮ್ಮ ನಾಡಿನಲ್ಲಿ ಬೇರೂರಿದೆ. ಷೇರು ಹೆಚ್ಚಿದ್ದರೂ ಕಡಿಮೆಯಿದ್ದರೂ ಒಬ್ಬ ಸದಸ್ಯನಿಗೆ ಒಂದೇ ಮತವೆಂಬದು ಅದರ ಜೀವಾಳ.

ಹೀಗಿರಲಾಗಿ, ಹೆಂಗಸರಿಗೂ ದಲಿತರಿಗೂ ಮಂಡಳಿಯಲ್ಲಿ ಸ್ಥಾನಗಳನ್ನು ಪ್ರತ್ಯೇಕವಾಗಿ ಇಡುವದು ಯುಕ್ತವೋ? ಯೋಗ್ಯರಾದವರು ಮತದಿಂದಲೇ ಬರಲಿ ಎಂದು ಕೆಲವರು ಅನ್ನುತ್ತಾರೆ. ಈ ಮಾತು ನ್ಯಾಯವಾಗಿ ಕೇಳಿಸುತ್ತದೆ. ಆದರೆ ನಸುಕಿನಲ್ಲಿ ಎದ್ದು ಸೆಗಣಿ ಬಾಚಿ ಹಾಲು ಕರೆಯುವವಳು ಹೆಂಡತಿ. ಸಂಘದ ಪುಸ್ತಕದಲ್ಲಿರುವ ಹೆಸರು ಬಹಳ ಮನೆಗಳಲ್ಲಿ ಗಂಡನದು. ಸದಸ್ಯಳೇ ಅಲ್ಲದವಳು ಮತದಿಂದ ಬರುವದು ಹೇಗೆ? ಆದಕಾರಣ ಎರಡು ಸ್ಥಾನಗಳನ್ನು ಬರೆದಿಟ್ಟು ಸದಸ್ಯತ್ವದ ಬಾಗಿಲನ್ನು ಹಾಗೆಯೇ ಬಿಟ್ಟರೆ, ಮುಖಂಡರ ಮನೆಯ ಸೊಸೆಯೊಬ್ಬಳು ರುಜು ಹಾಕಿ ಹೋಗುವಳು, ಅಷ್ಟೇ.

ಯೆರೂಸಲೇಮಿನ ಆದಿಸಭೆಯಲ್ಲಿಯೂ ಇಂಥದೇ ಗುಣುಗುಟ್ಟುವಿಕೆ ಹುಟ್ಟಿದ್ದನ್ನು ನೀವು ಅಪೊಸ್ತಲರ ಕೃತ್ಯಗಳಲ್ಲಿ ಓದಿದ್ದೀರಿ. ಗ್ರೀಕ್ ಮಾತಾಡುವವರ ವಿಧವೆಯರು ದಿನದ ಹಂಚಿಕೆಯಲ್ಲಿ ಕಡೆಗಣಿಸಲ್ಪಟ್ಟರು. ಆಗ ಅಪೊಸ್ತಲರು ಶಿಷ್ಯರೆಲ್ಲರನ್ನು ಕೂಡಿಸಿ, ಆರಿಸುವ ಕೆಲಸವನ್ನು ಅವರಿಗೇ ಬಿಟ್ಟರು. ಆರಿಸಲ್ಪಟ್ಟ ಏಳು ಮಂದಿಯ ಹೆಸರುಗಳೂ ಗ್ರೀಕ್ ಹೆಸರುಗಳೇ ಎಂಬದು ಗಮನಿಸತಕ್ಕದ್ದು. ಯಾರ ದೂರಿತ್ತೋ ಅವರ ಕಡೆಯವರ ಕೈಗೇ ಹಂಚುವ ಕೆಲಸ ಬಂದಂತೆ ಕಾಣುತ್ತದೆ.

ಉದ್ದೇಶವು ಒಳ್ಳೆಯದಾದರೆ ಮಾರ್ಗವು ಹೇಗಿದ್ದರೇನೆಂಬುವವರೂ ಇದ್ದಾರೆ. ಅವರು 97ನೆಯ ಸಂವಿಧಾನ ತಿದ್ದುಪಡಿಯ ಕಥೆಯನ್ನು ಆಲೋಚಿಸಲಿ. 2011ರಲ್ಲಿ ಅಂಗೀಕಾರವಾಗಿ 2012ರ ಫೆಬ್ರವರಿ 15ರಿಂದ ಜಾರಿಗೆ ಬಂದ ಆ ತಿದ್ದುಪಡಿಯು, ಸಹಕಾರ ಸಂಘದ ನಿರ್ದೇಶಕರು 21ಕ್ಕೆ ಮೀರಕೂಡದು, ಅವರಲ್ಲಿ ಒಂದು ಸ್ಥಾನವು ಪರಿಶಿಷ್ಟ ಜಾತಿ ಅಥವಾ ಪಂಗಡದವರಿಗೂ ಎರಡು ಸ್ಥಾನಗಳು ಹೆಂಗಸರಿಗೂ ಇರಬೇಕು ಎಂದು ವಿಧಿಸಿತು. ಇದರಲ್ಲಿ ಆಕ್ಷೇಪಿಸತಕ್ಕದ್ದು ಏನು? ಆದರೂ 2021ರ ಜುಲೈ 20ರಂದು ಸರ್ವೋಚ್ಚ ನ್ಯಾಯಾಲಯವು, ರಾಜ್ಯಗಳೊಳಗಿನ ಸಂಘಗಳ ಮಟ್ಟಿಗೆ ಆ ಭಾಗವು ಊರ್ಜಿತವಲ್ಲವೆಂದು ತೀರ್ಪು ಕೊಟ್ಟಿತು. ಯಾಕಂದರೆ ಸಹಕಾರ ಸಂಘಗಳು ರಾಜ್ಯಗಳ ಅಧಿಕಾರಕ್ಕೆ ಸೇರಿದವುಗಳು. ಕನಿಷ್ಠ ಅರ್ಧದಷ್ಟು ರಾಜ್ಯಗಳ ಶಾಸನಸಭೆಗಳ ಒಪ್ಪಿಗೆಯನ್ನು ಪಡೆಯಬೇಕಾಗಿತ್ತು, ಪಡೆಯಲಿಲ್ಲ. ಕೇಳಬೇಕಾದವರನ್ನು ಕೇಳದೆ ಮಾಡಿದ ಹಿತವು ಒಂಬತ್ತು ವರುಷಗಳ ಮೇಲೆ ಹೀಗೆ ಬಿದ್ದುಹೋಯಿತು. ರಾಜ್ಯಗಳು ತಮ್ಮ ಸ್ವಂತ ಕಾಯ್ದೆಗಳಿಂದ ಅಂಥ ಸ್ಥಾನಗಳನ್ನಿಡುವದಕ್ಕೆ ಇದು ಅಡ್ಡಿಯಲ್ಲವೆಂಬದು ಬೇರೆ ಮಾತು.

ಮಾರ್ಗವು ಸರಿಯಾಗಿದ್ದರೆ ಸಾಕೋ? ಅದೂ ಅಲ್ಲ. ಮಂಡಳಿಗೆ ನಿಲ್ಲುವವನು ಇಷ್ಟು ಷೇರು ಉಳ್ಳವನಾಗಿರಬೇಕು, ಇಷ್ಟು ವರುಷ ಸದಸ್ಯನಾಗಿರಬೇಕು ಎಂದು ಕ್ರಮವಾಗಿಯೇ ನಿಯಮ ಮಾಡಿ, ಬಡವನನ್ನೂ ಹೊಸಬನನ್ನೂ ದೂರವಿಡುವದು ಆಗದ ಸಂಗತಿಯಲ್ಲ. ನಮ್ಮ ರಾಜ್ಯದ 1959ರ ಸಹಕಾರ ಸಂಘಗಳ ಕಾಯ್ದೆಯಂತೆ ತಿದ್ದುಪಡಿಯು ನಿಬಂಧಕರಲ್ಲಿ ನೋಂದಣಿಯಾಗುವ ತನಕ ಸಿಂಧುವಾಗದು. ಆದರೆ ನಿಬಂಧಕರು ಕಾಗದವನ್ನು ಪರೀಕ್ಷಿಸುವರೇ ಹೊರತು ಮನಸ್ಸನ್ನಲ್ಲ. ನಮ್ಮ ಅಭಿಪ್ರಾಯದಲ್ಲಿ, ಪೀಠಗಳ ನಿಯಮವನ್ನು ತಿದ್ದುವವರು ಅದರಿಂದ ತಾವೇ ಏನನ್ನಾದರೂ ಕಳಕೊಳ್ಳಲು ಸಿದ್ಧರಿದ್ದಾರೋ ಎಂದು ಮೊದಲು ನೋಡತಕ್ಕದ್ದು. ತನ್ನ ಸ್ಥಾನವನ್ನು ಗಟ್ಟಿಮಾಡಿಕೊಳ್ಳುವವನ ತಿದ್ದುಪಡಿಗೆ ಎಷ್ಟು ಕೈಗಳು ಎತ್ತಲ್ಪಟ್ಟರೂ ನಾವು ಅದನ್ನು ಸಂಶಯದಿಂದಲೇ ಕಾಣುತ್ತೇವೆ.

ಬರುವ ಮಹಾಸಭೆಯ ನೋಟೀಸು ಕೈಸೇರಿದಾಗ, ಹಳೆಯ ನಿಯಮವನ್ನೂ ಹೊಸ ನಿಯಮವನ್ನೂ ಜೊತೆಯಾಗಿ ಓದಿ ಹೇಳಿರೆಂದು ಕಾರ್ಯದರ್ಶಿಯವರನ್ನು ಕೇಳಿರಿ. ಓದಲಾರದ ಅಜ್ಜಿಯೂ ಆ ಸಂಘದಲ್ಲಿ ಒಂದು ಮತವುಳ್ಳವಳು.